ಗಿಫ್ಟಿಗೆ ಡೈಮಂಡ್ ತಗೊಳೋಕ್ ಮುಂಚೆ ಇಷ್ಟು ತಿಳ್ಕೊಂಡಿರಿ

ವಜ್ರ ಅಂದ ತಕ್ಷಣ ಎಲ್ರೂ ಕೇಳೋದು ಎಷ್ಟು ಕ್ಯಾರೆಟ್ ಅಂತ, ಆದ್ರೆ ಕ್ಯಾರೆಟ್ ಬರೀ ತೂಕ ಅಷ್ಟೇ, 1 ಕ್ಯಾರೆಟ್ ಅಂದ್ರೆ 0.2 ಗ್ರಾಂ. ಹೊಳಪು ಬರೋದು ಕಟ್‌ನಿಂದ, ಅಂದ್ರೆ ಕಲ್ಲಿನ ಮುಖಗಳನ್ನ ಕತ್ತರಿಸಿ ರೂಪಿಸಿರೋ ರೀತಿಯಿಂದ, ಕಟ್ ಸರಿ ಇಲ್ಲ ಅಂದ್ರೆ ಒಳಗೆ ಹೋದ ಬೆಳಕು ತಳದಿಂದ ಸೋರಿಹೋಗಿ ದೊಡ್ಡ ಕಲ್ಲೂ ಮಂಕಾಗೇ ಕಾಣುತ್ತೆ, ಅದಕ್ಕೆ ದುಡ್ಡು ಬೇರೆ ಎಲ್ಲಾದ್ರೂ ಉಳಿಸಿ, ಕಟ್‌ನಲ್ಲಿ ಮಾತ್ರ ಬೇಡ. ರೌಂಡ್ ಕಲ್ಲಾದ್ರೆ ಜಿಐಎ (ವಜ್ರ ಪರೀಕ್ಷೆ ಮಾಡಿ ಗ್ರೇಡ್ ಕೊಡೋ ಸಂಸ್ಥೆ) ರಿಪೋರ್ಟಲ್ಲಿ ಕಟ್ ಗ್ರೇಡ್ ಎಕ್ಸಲೆಂಟ್ ಅಂತ ಇದ್ಯಾ ನೋಡಿ.

ಕಲರ್ ಡಿ ಇಂದ ಝೆಡ್ ತನಕ, ಡಿ ಅಂದ್ರೆ ಬಣ್ಣವೇ ಇಲ್ದಿರೋದು, ಝೆಡ್ ಕಡೆ ಹೋದಷ್ಟೂ ಹಳದಿ ಛಾಯೆ ಜಾಸ್ತಿ. ಹಳದಿ ಚಿನ್ನದಲ್ಲಿ ಕೂರಿಸೋದಾದ್ರೆ ಐ, ಜೆ ಸಾಕು ಅಂತೀನಿ.

ಕ್ಲಾರಿಟಿ ಅಂದ್ರೆ ಕಲ್ಲಲ್ಲಿ ಚುಕ್ಕೆ, ದೋಷ ಎಷ್ಟು ಕಮ್ಮಿ ಇದೆ ಅನ್ನೋದು, ಅದಕ್ಕೆ ಗ್ರೇಡ್ ಕೊಡೋದು 10 ಪಟ್ಟು ದೊಡ್ಡದು ಮಾಡಿ ನೋಡಿ, ಗಿಫ್ಟ್ ತಗೊಂಡೋರು ಲೂಪ್ (ಪುಟ್ಟ ಭೂತಗನ್ನಡಿ) ಹಿಡ್ಕೊಂಡು ಕೂರ್ತಾರಾ ಹೇಳಿ? ವಿಎಸ್2 ಗ್ರೇಡ್ ಆದ್ರೆ ಸಾಮಾನ್ಯವಾಗಿ ಬರಿಗಣ್ಣಿಗೆ ಏನೂ ಕಾಣಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎಸ್‌ಐ1 ಆದ್ರೆ ಚುಕ್ಕೆ ಎಲ್ಲಿದೆ ಅಂತ ನೋಡ್ಕೊಳ್ಳಿ, ನಟ್ಟನಡುವೆ ಇದ್ರೆ ಬೇಡ, ಅಂಚಲ್ಲಿದ್ರೆ ಉಂಗುರದಲ್ಲಿ ಕಲ್ಲನ್ನ ಹಿಡ್ಕೊಂಡಿರೋ ಕೊಕ್ಕೆ ಕೆಳಗೆ ಮುಚ್ಚಿಹೋಗಬಹುದು.

ಎಷ್ಟೋ ಕಲ್ಲುಗಳ ಅಂಚಿನ ಸುತ್ತುಪಟ್ಟಿ ಮೇಲೆ ರಿಪೋರ್ಟ್ ನಂಬರ್ ಲೇಸರಲ್ಲಿ ಕೆತ್ತಿರ್ತಾರೆ, ಅಂಗಡಿಯವ್ರಿಗೆ ಹೇಳಿ ಲೂಪಲ್ಲಿ ತೋರಿಸ್ಕೊಳ್ಳಿ, ಆಮೇಲೆ ಆ ರಿಪೋರ್ಟ್ ಕೊಟ್ಟ ಲ್ಯಾಬ್‌ನ ವೆಬ್‌ಸೈಟಲ್ಲಿ ನೀವೇ ಹಾಕಿ ಮ್ಯಾಚ್ ಮಾಡಿ. ಲ್ಯಾಬಲ್ಲಿ ಬೆಳೆಸಿದ್ದೂ ವಜ್ರನೇ, ಆದ್ರೆ ರೇಟು ತುಂಬಾ ಕಮ್ಮಿ, ಸೋ ನೆಲದಿಂದ ತೆಗೆದಿದ್ದಾ ಲ್ಯಾಬಲ್ಲಿ ಬೆಳೆಸಿದ್ದಾ ಅಂತ ಬಿಲ್ಲಲ್ಲೇ ಬರೆಸ್ಕೊಳ್ಳಿ.