ಏಳು ಮಂದಿ ರಂಗಪ್ಪಂದಿರನ್ನು ಬಿಡಿಸಿದ ಬಗೆ: ನನ್ನ ಅನುಭವ

ನಮ್ಮ ವಂಶದ ಐದು ತಲೆಮಾರುಗಳಲ್ಲಿ ಏಳು ಮಂದಿ ರಂಗಪ್ಪಂದಿರೂ ಐದು ಮಂದಿ ತಿಮ್ಮಪ್ಪಂದಿರೂ ಇದ್ದಾರೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಹಳೆ ಮೈಸೂರು ಸೀಮೆಯ ಒಕ್ಕಲು ಮನೆಗಳಲ್ಲಿ ಇದು ಹೊಸ ತೊಡಕಲ್ಲ. ಆದರೆ ಅಣ್ಣತಮ್ಮಂದಿರು ಮೂವರೂ ತಮ್ಮ ತಮ್ಮ ಹಿರಿಮಗನಿಗೆ ಒಬ್ಬನೇ ತಾತನ ಹೆಸರಿಟ್ಟು, ಆ ಅಣ್ಣತಮ್ಮಂದಿರ ಹೆಸರುಗಳೂ ದೊಡ್ಡತಿಮ್ಮಪ್ಪ, ಚಿಕ್ಕತಿಮ್ಮಪ್ಪ, ತಿಮ್ಮಯ್ಯ ಎಂದಿದ್ದು, ದಾಖಲೆ ಬರೆದವರು ಎಲ್ಲರನ್ನೂ ತಿಮ್ಮಪ್ಪ ಎಂದೇ ಬರೆದುಬಿಟ್ಟರೆ, ‘ರಂಗಪ್ಪ ಬಿನ್ ತಿಮ್ಮಪ್ಪ’, ಅಂದರೆ ತಿಮ್ಮಪ್ಪನ ಮಗ ರಂಗಪ್ಪ, ಎಂಬ ಒಂದೇ ಸಾಲು ಒಂದೇ ಊರಿನ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಮೂವರಿಗೂ ಹೊಂದುತ್ತದೆ. ಮುಂದಿನ ತಲೆಮಾರಿನಲ್ಲಿ ಅದೇ ಸಾಲು ‘ತಿಮ್ಮಪ್ಪ ಬಿನ್ ರಂಗಪ್ಪ’ ಎಂದು ತಿರುಗಿ ನಿಲ್ಲುತ್ತದೆ.

ಈ ಗಂಟನ್ನು ನಾನು ಬಿಡಿಸಿದ್ದು ಗಂಡಸರ ಹೆಸರುಗಳನ್ನು ಪಕ್ಕಕ್ಕಿಟ್ಟು, ಅವರ ಹೆಂಡತಿಯರ ತವರೂರುಗಳನ್ನು ಹಿಡಿದು. “ವಂಶ ನಮ್ಮದು, ನೀನು ಬೀಗರ ಊರು ಸುತ್ತುತ್ತಿದ್ದೀಯಲ್ಲಪ್ಪ” ಎಂದು ನಮ್ಮ ದೊಡ್ಡಪ್ಪನವರು ಎರಡು ವರ್ಷಗಳ ಕಾಲ ಹೇಳುತ್ತಲೇ ಇದ್ದರು. ಈಗ ಪೌತಿ ಖಾತೆಯ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ, ಅರ್ಜಿಯೊಂದಿಗೆ ಅವರು ಲಗತ್ತಿಸಿರುವ ವಂಶವೃಕ್ಷ ಸಿದ್ಧವಾದದ್ದು ನಾನು ಬರೆದ ಪಟ್ಟಿಯ ಆಧಾರದ ಮೇಲೆಯೇ.

ಮೊದಲು ಸೋತ ದಾರಿಗಳನ್ನು ಹೇಳುತ್ತೇನೆ, ಏಕೆಂದರೆ ಹಣ ಹೋದದ್ದು ಅಲ್ಲಿಯೇ. ಎಲ್ಲರಂತೆ ನಾನೂ ಫೋನಿನಲ್ಲಿ ಹಿರಿಯರನ್ನು ಕೇಳಿ ಪಟ್ಟಿ ಮಾಡಿದೆ. ಪ್ರತಿಯೊಬ್ಬರೂ ತಮ್ಮ ಕವಲಿನ ರಂಗಪ್ಪನನ್ನೇ ‘ಮೂಲ ರಂಗಪ್ಪ’ ಎಂದರು. ಆಮೇಲೆ ಮನೆತನಗಳ ವಂಶಾವಳಿಯನ್ನು ಪರಂಪರೆಯಿಂದ ಹೇಳುತ್ತ ಬಂದ ಹೆಳವರನ್ನು ಕರೆಸಿದೆವು. ಅವರ ವಹಿಯಲ್ಲಿ ನಮ್ಮ ಬೆಡಗು (ಕುಲದ ಒಳಪಂಗಡ), ಮೂಲಸ್ಥಳ, ವಲಸೆಯ ದಾರಿ ಎಲ್ಲವೂ ಸೊಗಸಾಗಿ ಇದ್ದವು, ಮತ್ತು ‘ಧಾತು ಈಶ್ವರದ ಬರ’ದಲ್ಲಿ, ಅಂದರೆ 1876–78ರ ಕ್ಷಾಮದಲ್ಲಿ, ಊರು ಬಿಟ್ಟು ಬಂದ ರಂಗಪ್ಪನನ್ನು ಖಚಿತವಾಗಿ ಗುರುತಿಸಿಕೊಟ್ಟವರು ಅವರೇ. ಆ ಉಪಕಾರವನ್ನು ನಾನು ಮರೆಯಲಾರೆ. ಆದರೆ ಅವರ ಪಾಠದಲ್ಲಿ ರಂಗಪ್ಪನ ಮಗ ತಿಮ್ಮಪ್ಪ, ತಿಮ್ಮಪ್ಪನ ಮಗ ರಂಗಪ್ಪ ಎಂದು ಒಂದೇ ಸರಪಳಿ ಇಳಿಯುತ್ತದೆಯೇ ಹೊರತು ಅಕ್ಕಪಕ್ಕದ ಕವಲುಗಳು ಬೇರ್ಪಡುವುದಿಲ್ಲ. ಅವರಿಗೆ ಸುಮಾರು ಐದು ಸಾವಿರ ರೂಪಾಯಿ ಮತ್ತು ಒಂದು ಮೂಟೆ ರಾಗಿ ಕೊಟ್ಟೆವು, ಅದು ದಂಡವಲ್ಲ. ದಂಡವಾದದ್ದು ಪೇಟೆಯಲ್ಲಿ ವಂಶಾವಳಿ ಬರೆದುಕೊಡುತ್ತೇನೆಂದು ಹೇಳಿ ಎಂಟೊಂಬತ್ತು ಸಾವಿರ ಮುಂಗಡ ಪಡೆದು, ನಾನೇ ಕೊಟ್ಟ ಹೆಸರುಗಳನ್ನು ಚೌಕಟ್ಟಿನಲ್ಲಿ ಹಾಕಿ ಹಿಂದಿರುಗಿಸಿದವರಿಗೆ ತೆತ್ತ ಹಣ.

ಡಿಎನ್‌ಎ ಪರೀಕ್ಷೆಯನ್ನೂ ಮಾಡಿಸಿ ನೋಡಿದೆ. ವೈ ವರ್ಣತಂತು ತಂದೆಯಿಂದ ಮಗನಿಗೆ ಬಹುಪಾಲು ಬದಲಾಗದೆ ಇಳಿಯುವುದರಿಂದ, ಒಬ್ಬನೇ ತಾತನ ಗಂಡು ಸಂತತಿಯ ಮೂರು ಕವಲುಗಳನ್ನು ಬೇರ್ಪಡಿಸಲು ಅದರಿಂದ ನನಗೆ ಏನೂ ಸಿಗಲಿಲ್ಲ. ನಾವೆಲ್ಲ ಒಂದೇ ಮೂಲದವರು ಎಂಬುದು ಖಾತ್ರಿಯಾಯಿತು, ಅಷ್ಟೆ.

ದಾರಿ ತೋರಿದ್ದು ನಮ್ಮ ಸೋದರತ್ತೆ. ಯಾವ ರಂಗಪ್ಪ ಎಂದು ಕೇಳಿದಾಗ ಅವರು ಹೆಸರನ್ನೇ ಬಳಸದೆ, “ಹೊನ್ನವಳ್ಳಿಯಿಂದ ತಂದಿದ್ರಲ್ಲ, ಅವರ ಯಜಮಾನ್ರು” ಎಂದು ಗುರುತು ಹೇಳಿದರು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಹೇಳಬಾರದೆಂಬ ಕಟ್ಟಳೆಯಿದ್ದ ಕಾಲದಲ್ಲಿ, ಮಾವನ ಹೆಸರು ಹೊತ್ತ ಮಗನನ್ನೂ ತಾಯಿ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಣ್ಣಯ್ಯ, ಪುಟ್ಟಸ್ವಾಮಿ, ಅಜ್ಜಯ್ಯ ಎಂದೇ ಮನೆಯಲ್ಲಿ ಅವರ ಹೆಸರು. ಹಾಗಾಗಿ ಸೊಸೆಯಂದಿರಿಗೆ ದಾಖಲೆಯ ಹೆಸರು ಗೊತ್ತಿರುವುದು ಕಡಿಮೆ, ಆದರೆ ಯಾವ ಊರಿನ ಹೆಣ್ಣು ಯಾರ ಮನೆಗೆ ಬಂದಳು ಎಂಬುದು ತಪ್ಪದೆ ಗೊತ್ತಿರುತ್ತದೆ.

ಅಲ್ಲಿಂದ ಪ್ರತಿಯೊಬ್ಬ ಗಂಡಸಿಗೂ ಒಂದು ರಟ್ಟಿನ ಚೀಟಿ ಮಾಡಿ, ತಲೆಯ ಮೇಲೆ ಹೆಸರಿನ ಬದಲು ಹೆಂಡತಿಯ ತವರೂರನ್ನು ಬರೆದೆ: ಹೊನ್ನವಳ್ಳಿ, ತುರುವೇಕೆರೆ, ನೊಣವಿನಕೆರೆ, ಹುಳಿಯಾರು. ನಂತರ ಆ ಊರುಗಳಿಗೆ ಹೋಗಿ, ‘ನಿಮ್ಮ ಮನೆಯ ಹೆಣ್ಣನ್ನು ನಮ್ಮಲ್ಲಿಗೆ ಕೊಟ್ಟದ್ದು ಯಾರಿಗೆ’ ಎಂದು ವಿಚಾರಿಸಿದೆ. ಕೊಟ್ಟ ಮನೆಯ ನೆನಪು ತಂದ ಮನೆಯ ನೆನಪಿಗಿಂತ ಗಟ್ಟಿ ಎಂಬುದು ನನ್ನ ಅನುಭವ. ಆದರೆ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಮೇಲೆ, ಹೆಣ್ಣುಮಕ್ಕಳ ವಿಷಯ ಎತ್ತಿದವರನ್ನು ಆಸ್ತಿಯ ಪಾಲು ಕೇಳಲು ಬಂದವರೆಂದೇ ಜನ ನೋಡುತ್ತಾರೆ. ಆ ಸಂಶಯ ಏಳದಂತೆ ಮೊದಲ ಮಾತನ್ನು ಆರಂಭಿಸುವ ಒಂದು ಕ್ರಮವನ್ನು ನಾನು ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಹೋಗಬೇಕಾದ ಮನೆಗಳಿವೆ.

ಬಾಯಿಮಾತನ್ನು ದಾಖಲೆಯೊಂದಿಗೆ ಕೂಡಿಸಿದಾಗಲೇ ವಿಧಾನಕ್ಕೆ ಬಲ ಬಂದದ್ದು. ಪಹಣಿ ಹೆಚ್ಚು ನೆರವಾಗಲಿಲ್ಲ. ಮ್ಯುಟೇಷನ್ ವಹಿಯ ಪೌತಿ ನಮೂದುಗಳಲ್ಲಿ ಮಾತ್ರ ‘ಕೋಂ ರಂಗಪ್ಪ’, ಅಂದರೆ ರಂಗಪ್ಪನ ಹೆಂಡತಿ, ಎಂದು ವಿಧವೆಯ ಹೆಸರು ಬರುತ್ತದೆ, ಮತ್ತು ಹಳೆಯ ಕ್ರಯಪತ್ರ, ವಿಭಾಗಪತ್ರಗಳಲ್ಲಿ ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಗಳ ವಿವರ, ಹಾಗೂ ಸಾಕ್ಷಿಗಳ ಹೆಸರುಗಳು ಇರುತ್ತವೆ. ಪಾಲಾದ ಜಮೀನಿನ ಪಕ್ಕದವನು ಸಾಮಾನ್ಯವಾಗಿ ಅಣ್ಣನೋ ತಮ್ಮನೋ ಆಗಿರುತ್ತಾನೆ. ನಾಲ್ಕು ದಿಕ್ಕುಗಳನ್ನು ಒಂದು ಹಾಳೆಯ ಮೇಲೆ ಬಿಡಿಸಿದರೆ ಮೂರು ಮಂದಿ ತಿಮ್ಮಪ್ಪಂದಿರು ತಾವಾಗಿಯೇ ಬೇರೆ ಬೇರೆ ನಿಲ್ಲುತ್ತಾರೆ. ಸಾಕ್ಷಿಗಳ ವಿಷಯ ಇನ್ನೂ ಸ್ವಾರಸ್ಯಕರವಾದದ್ದು. 1930ರ ದಶಕದ ಒಂದು ವಿಭಾಗಪತ್ರದ ಕೊನೆಯ ಪುಟದಲ್ಲಿ, ಮಸಿ ಹರಡಿ ಅರ್ಧ ಅಳಿಸಿದ ಹೆಬ್ಬೆಟ್ಟಿನ ಗುರುತಿನ ಪಕ್ಕ, ಬರೆದವರು ಸಣ್ಣ ಅಕ್ಷರದಲ್ಲಿ ‘ನೊಣವಿನಕೆರೆ ವಾಸಿ’ ಎಂದು ಸೇರಿಸಿದ್ದರು. ನಮ್ಮೂರಿನ ಪಾಲುಪಾರೀಕತ್ತಿಗೆ ನೊಣವಿನಕೆರೆಯವನು ಸಾಕ್ಷಿಯಾಗಿ ಬರಬೇಕಾದರೆ ಅವನು ಭಾವಮೈದುನನೇ ಆಗಿರಬೇಕೆಂದು ಊಹಿಸಿ, ಆ ಊರಿನ ಚೀಟಿಯಿದ್ದ ರಂಗಪ್ಪನಿಗೆ ಆ ಪತ್ರವನ್ನು ಹೊಂದಿಸಿದೆ. ಸಾಕ್ಷಿಯ ಹೆಸರನ್ನು ತವರಿನವರು ಆಮೇಲೆ ತಾವಾಗಿಯೇ ಹೇಳಿದರು. ಅಂದಿನಿಂದ ಯಾವ ಪತ್ರ ಸಿಕ್ಕಿದರೂ ನಾನು ಕೊನೆಯ ಪುಟದಿಂದಲೇ ಓದಲು ಆರಂಭಿಸುತ್ತೇನೆ.

ಈ ವಿಧಾನ ಎಡವುವ ಜಾಗಗಳೂ ಎರಡು ಇವೆ. ಸೋದರಮಾವನಿಗೆ ಕೊಟ್ಟ ಮದುವೆಗಳಲ್ಲಿ ಹೆಣ್ಣಿನ ಅಜ್ಜಿಯ ಮನೆಯೇ ಅತ್ತೆಯ ಮನೆಯಾಗುವುದರಿಂದ ಒಬ್ಬಳೇ ಹೆಂಗಸು ಪಟದಲ್ಲಿ ಎರಡು ಕಡೆ ಕಾಣಿಸಿಕೊಳ್ಳುತ್ತಾಳೆ. ವಂಶವೃಕ್ಷ ಬರೆಯುವ ಗ್ರ್ಯಾಂಪ್ಸ್ ತಂತ್ರಾಂಶ ಉಚಿತವಾದದ್ದು, ಅಂಥ ಸಂಬಂಧವನ್ನು ಅದು ಒಂದೇ ವ್ಯಕ್ತಿಯಾಗಿ ಹಿಡಿದಿಡುತ್ತದೆ, ಅಷ್ಟರಮಟ್ಟಿಗೆ ಅದನ್ನು ಮೆಚ್ಚುತ್ತೇನೆ. ಎರಡನೆಯದು, ಹೆಂಡತಿ ತೀರಿಕೊಂಡ ಮೇಲೆ ಅವಳ ತಂಗಿಯನ್ನೇ ತಂದುಕೊಳ್ಳುವ ವಾಡಿಕೆ. ತುರುವೇಕೆರೆಯ ಚೀಟಿಯ ರಂಗಪ್ಪನಿಗೆ ಮೊದಲ ಹೆಂಡತಿ ‘ಕಾಳಯುಕ್ತಿಯ ಜ್ವರ’ದಲ್ಲಿ ಹೋದಳೆಂದು ಅತ್ತೆ ಹೇಳಿದ್ದರು. ಕಾಳಯುಕ್ತಿ ಸಂವತ್ಸರ 1918ರ ಯುಗಾದಿಯಿಂದ ಆರಂಭವಾಗುವುದರಿಂದ ಅದು ಇನ್‌ಫ್ಲುಯೆಂಜಾ ಸಾಂಕ್ರಾಮಿಕದ ವರ್ಷವೇ. ತವರು ಒಂದೇ ಆದ್ದರಿಂದ ಅಕ್ಕನ ಮಕ್ಕಳು ಯಾರು, ತಂಗಿಯ ಮಕ್ಕಳು ಯಾರು ಎಂಬುದನ್ನು ಆ ವರ್ಷದ ಹಿಂದೆ ಮುಂದೆ ಹುಟ್ಟಿದವರೆಂದು ವಿಂಗಡಿಸಬೇಕಾಯಿತು. ಶಾಲೆಯ ದಾಖಲಾತಿ ವಹಿಯನ್ನು ಇದಕ್ಕೆ ನಂಬಬಾರದು. ಸೇರಿಸಿಕೊಳ್ಳುವಾಗ ಮೇಷ್ಟರು ವಯಸ್ಸು ಹೊಂದಿಸಲು ಜೂನ್ 1 ಎಂದು ಬರೆದ ಜನ್ಮದಿನಗಳೇ ಅದರಲ್ಲಿ ತುಂಬಿವೆ.

ಪಿತೃಪಕ್ಷದಲ್ಲಿ ಕವಲು ಕವಲಿನ ಮನೆಗೆ ಹೋಗಿ, ಎಡೆಯಿಡುವಾಗ ಯಾರಿಗೆ ಸೀರೆ, ಬಳೆ, ಅರಿಶಿನ ಕುಂಕುಮ ಇಡುತ್ತಾರೆಂದು ಗಮನಿಸಿದ್ದು ಕುತೂಹಲಕ್ಕೆ ಮಾಡಿದ ಪ್ರಯೋಗ, ಆದರೆ ಫಲ ಕೊಟ್ಟಿತು. ಮುತ್ತೈದೆಯಾಗಿ ತೀರಿಕೊಂಡವಳಿಗೆ ಹಾಗೆ ಇಡುತ್ತಾರೆ ಎಂದ ಮೇಲೆ, ಅವಳ ಗಂಡನ ಪೌತಿ ನಮೂದಿನಲ್ಲಿ ‘ಕೋಂ’ ಎಂದು ವಿಧವೆಯಾಗಿ ಅವಳು ಬರುವಂತಿಲ್ಲ. ಇದೊಂದು ಗುರುತಿನಿಂದ ಎರಡು ಸರ್ವೆ ನಂಬರುಗಳ ಜಮೀನು ತಪ್ಪು ರಂಗಪ್ಪನ ಕೈಯಿಂದ ಸರಿಯಾದ ರಂಗಪ್ಪನ ಕೈಗೆ, ನನ್ನ ಕಾಗದದ ಮೇಲೆ, ಬಂದಿತು.

ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ ನಲವತ್ತು ಸಾವಿರದ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೋತ ದಾರಿಗಳಿಗೆ, ಉಳಿದದ್ದು ನಕಲು ಪ್ರತಿಗಳಿಗೆ ಮತ್ತು ಬಸ್ಸಿಗೆ. ಈ ವಿಧಾನವೊಂದನ್ನೇ ಹಿಡಿದು ಹೊರಟವರಿಗೆ ಹತ್ತು ಹದಿನೈದು ಸಾವಿರದೊಳಗೆ ಮುಗಿಯಬೇಕು. ಏಳು ರಂಗಪ್ಪಂದಿರಲ್ಲಿ ಆರು ಮಂದಿಯ ಚೀಟಿಗಳು ಈಗ ತವರು, ಜಮೀನು, ಮಕ್ಕಳು ಮೂರರಿಂದಲೂ ತುಂಬಿವೆ. ಏಳನೆಯವನ ಹೆಂಡತಿ ಹುಳಿಯಾರಿನವಳು ಎಂಬುದಷ್ಟೇ ಗೊತ್ತಿದೆ. ಅವಳ ತವರಿನ ಒಂದು ಕವಲು ಚಿಕ್ಕನಾಯಕನಹಳ್ಳಿಯ ಕಡೆ ಹೋಗಿ ನೆಲೆಸಿದೆಯೆಂದು ತಿಳಿದುಬಂದಿರುವುದರಿಂದ, ಸುಗ್ಗಿ ಮುಗಿದ ಮೇಲೆ ಸೋದರತ್ತೆಯವರನ್ನು ಜೊತೆಗೆ ಕರೆದುಕೊಂಡು ಅಲ್ಲಿಗೆ ಹೋಗುತ್ತೇನೆ.