ನೆರಳು ಬೀಳುವ ಓಣಿಗೆ ಪಕಾಯಾ

ಬೆಂಗಳೂರಿನ 30×40 ಸೈಟುಗಳಲ್ಲಿ ಮನೆಗೂ ಕಾಂಪೌಂಡಿಗೂ ನಡುವೆ ಉಳಿಯುವ ಓಣಿಗೆ ನೇರ ಬಿಸಿಲು ತಲುಪುವುದೇ ಅಪರೂಪ. ಅಲ್ಲಿ ತಿನ್ನುವಂಥದ್ದು ಏನೂ ಬೆಳೆಯದು ಎಂದು ಜನ ಕೈಚೆಲ್ಲುತ್ತಾರೆ. ಪಕಾಯಾ ನೆಡಿ ಎನ್ನುತ್ತೇನೆ ನಾನು. ದಕ್ಷಿಣ ಮೆಕ್ಸಿಕೋದಿಂದ ಕೊಲಂಬಿಯಾದವರೆಗಿನ ಮಳೆಕಾಡುಗಳಲ್ಲಿ ದೊಡ್ಡ ಮರಗಳ ಅಡಿಯಲ್ಲೇ ಬಾಳುವ ಸಣ್ಣ ತಾಳೆ ಇದು. ಸಸ್ಯಶಾಸ್ತ್ರದ ಹೆಸರು ಕೆಮಡೋರಿಯಾ ಟೆಪೆಹಿಲೋಟೆ. ಗ್ವಾಟೆಮಾಲಾ, ಎಲ್ ಸಾಲ್ವಡಾರ್‌ಗಳಲ್ಲಿ ಇದರ ಬಿರಿಯದ ಗಂಡು ಹೊಂಬಾಳೆಯೇ ತರಕಾರಿ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ಬೆಳೆದ ನನಗೆ ಹೊಂಬಾಳೆಯನ್ನು ಪಲ್ಯ ಮಾಡುವ ಜನರಿದ್ದಾರೆ ಎಂದು ತಿಳಿದಾಗಿನಿಂದ ಈ ಗಿಡದ ಮೇಲೆ ವಿಶೇಷ ಅಕ್ಕರೆ.

ಬೀಜ ತಾಜಾ ಇರಬೇಕು. ಒಣಗಿದ್ದು ಮೊಳೆಯುವುದು ಕಷ್ಟ. ವಿದೇಶದಿಂದ ತರಿಸುವುದಾದರೆ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರದ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ನರ್ಸರಿಗಳಲ್ಲಿ ಇದೇ ಕುಲದ ಅಲಂಕಾರಿಕ ಗಿಡಗಳು ಧಾರಾಳವಾಗಿ ಸಿಗುತ್ತವೆ, ಆದರೆ ಜಾತಿ ಖಚಿತವಾಗದ ಗಿಡದಿಂದ ಏನನ್ನೂ ತಿನ್ನಬೇಡಿ. ಬೀಜವನ್ನು ಒಂದು ರಾತ್ರಿ ನೆನೆಸಿ, ತೆಂಗಿನ ನಾರಿನ ಪುಡಿ ಮತ್ತು ಮರಳಿನ ಮಿಶ್ರಣದಲ್ಲಿ ತೆಳುವಾಗಿ ಹೂತಿಡಿ. ಮೊಳಕೆಗೆ ತಿಂಗಳುಗಳೇ ಹಿಡಿಯುತ್ತವೆ, ಎಲ್ಲವೂ ಒಟ್ಟಿಗೆ ಏಳುವುದಿಲ್ಲ. ಕುಂಡವನ್ನು ಬರಿದು ಮಾಡಲು ಅವಸರಪಡಬೇಡಿ.

ನೆಡುವಾಗ ಕೆಂಪುಮಣ್ಣಿಗೆ ಧಾರಾಳವಾಗಿ ಎಲೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ. ನಮ್ಮೂರಿನ ಚಳಿ ಇದಕ್ಕೆ ಲೆಕ್ಕವೇ ಅಲ್ಲ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ತವರಿನಲ್ಲಿ ಇದು ಇನ್ನೂ ಎತ್ತರದ ಬೆಟ್ಟಗಳಲ್ಲೂ ಇದೆ. ಕಾಡುವುದು ಮಾರ್ಚ್, ಏಪ್ರಿಲ್‌ನ ಒಣಗಾಳಿ. ಆಗ ಬುಡಕ್ಕೆ ತರಗೆಲೆ ದಪ್ಪಗೆ ಹೊದಿಸಿ, ಎಲೆಯ ಅಡಿಭಾಗಕ್ಕೂ ನೀರು ಚಿಮುಕಿಸಿ. ಕೆಂಪು ನುಸಿ ಸೇರಿಕೊಳ್ಳುವುದು ಅಲ್ಲಿಯೇ. ಗಡಸು ಬೋರ್‌ವೆಲ್ ನೀರಿನಿಂದ ಎಲೆತುದಿ ಕಂದುತ್ತದೆ, ಮಳೆನೀರು ಸಂಗ್ರಹವಿದ್ದರೆ ಅದನ್ನೇ ಕೊಡಿ.

ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೂ ಬಿಡುವವರೆಗೆ ಯಾವುದು ಯಾವುದೆಂದು ಹೇಳಲಾಗದು, ಅದಕ್ಕೆ ಕೆಲವು ವರ್ಷ ಬೇಕು. ಹಾಗಾಗಿ ಒಂದೇ ಗಿಡ ನೆಟ್ಟು ಕಾಯಬೇಡಿ, ಐದಾರನ್ನು ಒತ್ತಾಗಿ ನೆಡಿ.

ಹೊಂಬಾಳೆ ಮೂಡುವುದು ಎಲೆಗಳ ಕೆಳಗೆ, ಹಸಿರು ಕಾಂಡದ ಗಿಣ್ಣುಗಳಲ್ಲಿ. ಹೊದಿಕೆ ಬಿರಿಯುವ ಮೊದಲೇ ಕೊಯ್ಯಬೇಕು. ಚಾಕುವಿನಿಂದ ಉದ್ದಕ್ಕೆ ಸೀಳಿದರೆ ಒಳಗೆ ಕೆನೆಬಣ್ಣದ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಮಲಗಿರುತ್ತವೆ. ಎಳೆಯೊಂದರ ಮೇಲೆ ಬೆರಳಾಡಿಸಿದರೆ ಮೊಗ್ಗುಗಳ ಸಾಲು ತರಿತರಿಯಾಗಿ ತಾಗುತ್ತದೆ. ಕಹಿ ಇದೆ, ಹಾಗಲಕಾಯಿ ಮೆಚ್ಚುವವರಿಗೆ ಹಿತವಾಗುವ ಕಹಿ. ಉಪ್ಪುನೀರಿನಲ್ಲಿ ಬೇಯಿಸಿ, ನೀರು ಬಸಿದು, ಇನ್ನೊಮ್ಮೆ ಬೇಯಿಸಿದರೆ ತಗ್ಗುತ್ತದೆ. ಗ್ವಾಟೆಮಾಲಾದವರು ಮೊಟ್ಟೆಯ ಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ನವೆಂಬರ್ 1ರ ಹಬ್ಬದ ‘ಫಿಯಾಂಬ್ರೆ’ ಎಂಬ ತಣ್ಣನೆಯ ಸಲಾಡಿಗೂ ಹಾಕುತ್ತಾರೆ. ನಾನು ಕಡಲೆಹಿಟ್ಟು, ಓಮ, ಅಚ್ಚಖಾರದ ಪುಡಿ ಕಲಸಿ ಬಜ್ಜಿ ಮಾಡುತ್ತೇನೆ. ಎಳೆಗಳ ಬುಡ ಬಿಡಿಸದೆ ಇಡಿಯಾಗಿ ಅದ್ದಿ. ತುದಿಗಳು ಎಣ್ಣೆಯಲ್ಲಿ ಅರಳಿ ಗರಿಗರಿಯಾಗುತ್ತವೆ.

ಎಲ್ಲವನ್ನೂ ಕೊಯ್ಯಬೇಡಿ. ಒಂದು ಗಂಡು ಹೊಂಬಾಳೆಯನ್ನು ಅರಳಲು ಬಿಟ್ಟು, ಪರಾಗವನ್ನು ಹೆಣ್ಣು ಹೂಗಳ ಮೇಲೆ ಕೊಡವಿ. ಕಾಯಿ ಮಾಗಿ ಕಪ್ಪಾದ ಮೇಲೆ ಕೈಗವಸು ಹಾಕಿಕೊಂಡೇ ತಿರುಳು ಬಿಡಿಸಿ, ಏಕೆಂದರೆ ಅದರ ರಸ ಚರ್ಮಕ್ಕೆ ತುರಿಕೆ ತರುತ್ತದೆ. ತೊಳೆದ ಬೀಜವನ್ನು ಆ ವಾರವೇ ಬಿತ್ತಿ.