ಹೆಸರು ಹೇಳುವುದನ್ನು ತಡಮಾಡಿದ ಮೇಲೆ

ಹಕ್ಕಿ ವೀಕ್ಷಣೆಯ ತಂಡಗಳನ್ನು ಕರೆದೊಯ್ಯುವ ಕೆಲಸಕ್ಕೆ ಇಳಿದ ಮೊದಲ ವರ್ಷಗಳಲ್ಲಿ, ನನ್ನೊಂದಿಗೆ ಬರುವವರೆಲ್ಲರೂ ಹಕ್ಕಿಗಳಿಗಾಗಿಯೇ ಬರುತ್ತಾರೆ ಎಂದು ನಾನು ನಂಬಿದ್ದೆ. ನಿಜದಲ್ಲಿ ಎಂಟು ಮಂದಿಯ ತಂಡದಲ್ಲಿ ಇಬ್ಬರೋ ಮೂವರೋ ಮನೆಯವರ ಅಥವಾ ಸ್ನೇಹಿತರ ಒತ್ತಾಯಕ್ಕೆ ಹೊರಟು ಬಂದವರಾಗಿರುತ್ತಿದ್ದರು. ಅವರ ಪಾಲಿಗೆ ನಾನು ಎಂತಹ ಬೇಸರದ ಮನುಷ್ಯನಾಗಿದ್ದೆ ಎಂಬುದು, ಪತ್ನಿಯ ಜೊತೆಗೆ ಬಂದಿದ್ದ ಒಬ್ಬ ಹಿರಿಯರು ನಡಿಗೆಯ ಕೊನೆಯಲ್ಲಿ ಬಹಳ ಸೌಜನ್ಯದಿಂದ ಆಡಿದ ಒಂದು ಮಾತಿನಿಂದ ತಿಳಿಯಿತು: "ನೀವು ಐವತ್ತು ಹಕ್ಕಿ ಅಂದಿರಿ. ನನಗೆ ಕಂಡದ್ದು ಬರೀ ಎಲೆ."

ತಪ್ಪು ನನ್ನದೇ. ಹಕ್ಕಿ ಕಂಡ ಕೂಡಲೇ ಹೆಸರು ಕೂಗುವುದು, ಪಟ್ಟಿಯಲ್ಲಿ ಗುರುತು ಹಾಕುವುದು, ಮುಂದಕ್ಕೆ ಧಾವಿಸುವುದು ನನ್ನ ರೂಢಿಯಾಗಿತ್ತು. ಹೆಸರು ಎಂಬುದು ಈಗಾಗಲೇ ಆಸಕ್ತಿ ಇರುವವರಿಗೆ ಉತ್ತರ. ಪ್ರಶ್ನೆಯೇ ಹುಟ್ಟದವರಿಗೆ ಅದೊಂದು ಸದ್ದು ಮಾತ್ರ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಅವರಿಗೆ ಹಕ್ಕಿ ನಿಜವಾಗಿಯೂ ಕಾಣುತ್ತಿರಲಿಲ್ಲ, ಏಕೆಂದರೆ ಕೈಗೆ ಬೈನಾಕ್ಯುಲರ್ ಕೊಟ್ಟಿದ್ದೆನೇ ಹೊರತು ಅದನ್ನು ಅವರ ಕಣ್ಣಿಗೆ ಹೊಂದಿಸಿ ಕೊಟ್ಟಿರಲಿಲ್ಲ.

ಈಗ ನಡಿಗೆಯ ಮೊದಲ ಹತ್ತು ನಿಮಿಷವನ್ನು ಇದಕ್ಕೇ ಮೀಸಲಿಡುತ್ತೇನೆ. ಎರಡು ನಳಿಗೆಗಳನ್ನು ಕಣ್ಣುಗಳ ಅಂತರಕ್ಕೆ ತಕ್ಕಂತೆ ಮಡಿಸಬೇಕು. ಕನ್ನಡಕ ಹಾಕಿದವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲುಗಳನ್ನು ಒಳಕ್ಕೆ ತಿರುಗಿಸಬೇಕು. ಆಮೇಲೆ ಬಲಗಣ್ಣು ಮುಚ್ಚಿ, ಅಲುಗಾಡದ ಒಂದು ವಸ್ತುವನ್ನು ನಡುವಿನ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಂಡು, ನಂತರ ಎಡಗಣ್ಣು ಮುಚ್ಚಿ ಬಲಗಡೆಯ ಉಂಗುರವನ್ನು ತಿರುಗಿಸಬೇಕು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಬೈನಾಕ್ಯುಲರಿಗಿಂತ ಎಂಟು ಪಟ್ಟಿನದು, ಅಂದರೆ 8x42 ಮಾದರಿ (42 ಎಂಬುದು ಮುಂದಿನ ಮಸೂರದ ಅಗಲ, ಮಿಲಿಮೀಟರಿನಲ್ಲಿ), ಹೊಸಬರಿಗೆ ಅನುಕೂಲ; ಕೈ ನಡುಕ ಅದರಲ್ಲಿ ಕಡಿಮೆ ಕಾಣುತ್ತದೆ ಮತ್ತು ಸಾಮಾನ್ಯವಾಗಿ ಅದರ ನೋಟದ ಹರವೂ ದೊಡ್ಡದು. ಹಕ್ಕಿಯನ್ನು ಬರಿಗಣ್ಣಿನಿಂದ ಹಿಡಿದು, ದೃಷ್ಟಿ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ಎತ್ತಿಕೊಳ್ಳುವುದನ್ನು ಎರಡು ಮೂರು ಬಾರಿ ಮಾಡಿಸಿದರೆ ಸಾಕು, ಎಲೆಗಳ ನಡುವೆ ಹುಡುಕಾಡುವ ಕಷ್ಟ ಬಹುಮಟ್ಟಿಗೆ ತಪ್ಪುತ್ತದೆ.

ಎರಡನೆಯ ಬದಲಾವಣೆ, ಒಂದೇ ಹಕ್ಕಿಯ ಮುಂದೆ ಬಹಳ ಹೊತ್ತು ನಿಲ್ಲುವುದು. ಹಸಿರು ಕಳ್ಳಿಪೀರ ಇದಕ್ಕೆ ಹೇಳಿ ಮಾಡಿಸಿದ ಹಕ್ಕಿ, ಏಕೆಂದರೆ ಅದು ಬಯಲಿನ ತಂತಿಯ ಮೇಲೋ ಒಣಕೊಂಬೆಯ ಮೇಲೋ ಕುಳಿತು, ಹಾರಿ, ಮತ್ತೆ ಅಲ್ಲಿಗೇ ಮರಳುತ್ತದೆ. ಟ್ರೈಪಾಡಿನ ಮೇಲೆ ಸ್ಪಾಟಿಂಗ್ ಸ್ಕೋಪನ್ನು, ಅಂದರೆ ಒಂದೇ ಕಣ್ಣಿನಿಂದ ನೋಡುವ ದೂರದರ್ಶಕವನ್ನು, ಆ ಕೊಂಬೆಗೆ ನೆಟ್ಟು, ಹೆಸರು ಹೇಳದೆ, "ಈಗ ಅದು ಏನು ಮಾಡುತ್ತದೆ ನೋಡಿ" ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿಯುತ್ತೇನೆ. ಹಕ್ಕಿ ಜೇನುನೊಣವನ್ನು ಗಾಳಿಯಲ್ಲೇ ಹಿಡಿದು ತಂದು, ಕೊಂಬೆಗೆ ಬಡಿದು, ಅದರ ಹಿಂಭಾಗವನ್ನು ತೊಗಟೆಗೆ ತಿಕ್ಕಿ ವಿಷವನ್ನು ಹೊರಹಾಕುತ್ತದೆ. ವಿಷ ಸಿಡಿದು ಕಣ್ಣಿಗೆ ಬೀಳದಂತೆ ಆ ಕ್ಷಣದಲ್ಲಿ ಕಣ್ಣು ಮುಚ್ಚಿಕೊಳ್ಳುವುದೂ ಉಂಟು. ಇದನ್ನು ನೋಡಿದವರು ಸ್ಕೋಪನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹಿಂದೆ ನಿಂತ ಹಳೆಯ ಹಕ್ಕಿಪ್ರಿಯರು ಚಡಪಡಿಸುತ್ತಾರೆ. ನಾನು ಕಂಡೂ ಕಾಣದಂತೆ ಇರುತ್ತೇನೆ.

ಗೀಜಗನ ಗೂಡುಗಳಿರುವ ಮರ ಸಿಕ್ಕರಂತೂ ನಾನು ಮಾತನಾಡುವ ಅಗತ್ಯವೇ ಬೀಳುವುದಿಲ್ಲ. ಗಂಡು ಹಕ್ಕಿ ಹುಲ್ಲಿನ ಎಳೆಗಳಿಂದ ಅರ್ಧದವರೆಗೆ ಗೂಡು ನೇಯ್ದು, ರೆಕ್ಕೆ ಬಡಿಯುತ್ತಾ ಹೆಣ್ಣನ್ನು ಕರೆಯುತ್ತದೆ. ಬಂದ ಹೆಣ್ಣು ಪರೀಕ್ಷಿಸಿ ಒಪ್ಪಿದರೆ ಉಳಿದ ಭಾಗ ಪೂರ್ಣವಾಗುತ್ತದೆ, ಒಪ್ಪದಿದ್ದರೆ ಅರೆಗೂಡು ಹಾಗೆಯೇ ತೂಗಾಡುತ್ತದೆ. ಹಕ್ಕಿಶಾಸ್ತ್ರದಲ್ಲಿ ಎಳ್ಳಷ್ಟೂ ಆಸಕ್ತಿಯಿಲ್ಲದವರು ಸಹ ಇಲ್ಲಿ ಯಾವುದೋ ಒಂದು ಗಂಡಿನ ಪಕ್ಷ ವಹಿಸಿ ನಿಲ್ಲುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಕಿವಿಯ ಪಾಲೂ ದೊಡ್ಡದು. ಬೆಳಕು ಹರಿಯುವ ಹೊತ್ತಿನಲ್ಲಿ ಎಲ್ಲರನ್ನೂ ಮೂರು ನಿಮಿಷ ಕಣ್ಣು ಮುಚ್ಚಿ ನಿಲ್ಲಿಸಿ, ಬೇರೆ ಬೇರೆ ದನಿಗಳನ್ನು ಬೆರಳಿನಲ್ಲಿ ಎಣಿಸಲು ಹೇಳುತ್ತೇನೆ. ಅಲ್ಲಿಯವರೆಗೆ ಒಟ್ಟಾರೆ ಗದ್ದಲವಾಗಿದ್ದದ್ದು ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಸಂಸ್ಥೆಯ ಮರ್ಲಿನ್ ಆ್ಯಪ್ ಕೇಳಿದ ದನಿ ಯಾವ ಹಕ್ಕಿಯದಿರಬಹುದೆಂದು ಸೂಚಿಸಬಲ್ಲದು, ನಾನೂ ಅದನ್ನು ಬಳಸುತ್ತೇನೆ. ಆದರೆ ಒಂದು ಕೂಗು ಕೇಳಿದೊಡನೆ ಉಳಿದ ಹಕ್ಕಿಗಳೆಲ್ಲ ಏಕೆ ಸುಮ್ಮನಾದವು, ಈಗ ಆಕಾಶದತ್ತ ಏಕೆ ನೋಡಬೇಕು ಎಂಬುದನ್ನು ಹೇಳಲು ಪಕ್ಕದಲ್ಲೊಬ್ಬ ಮನುಷ್ಯ ಬೇಕು. ಧ್ವನಿಮುದ್ರಿತ ಕೂಗನ್ನು ನುಡಿಸಿ ಹಕ್ಕಿಯನ್ನು ಸೆಳೆಯುವುದು ಮಾತ್ರ ನನಗೆ ಒಗ್ಗದ ಪದ್ಧತಿ. ಮರಿ ಸಾಕುವ ಕಾಲದಲ್ಲಿ ಅದು ಹಕ್ಕಿಯ ಸಮಯವನ್ನು ಕದಿಯುತ್ತದೆ.

ಆಸಕ್ತಿಯಿಲ್ಲದವರನ್ನು ಹಿಡಿದಿಡುವುದರಲ್ಲಿ ನಮ್ಮ ನಡಿಗೆಯ ನಿಧಾನಕ್ಕೂ ಪಾಲಿದೆ. ಎರಡು ಗಂಟೆಯಲ್ಲಿ ಒಂದು ಕಿಲೋಮೀಟರ್ ದಾಟಿದರೆ ಹೆಚ್ಚು. ಮಂಡಿನೋವಿನವರೂ ಬರಬಹುದು, ಮಾತು ಬೇಡವೆನಿಸಿದವರು ಯಾರಿಗೂ ಕಾರಣ ಕೊಡದೆ ಸುಮ್ಮನಿರಬಹುದು. ದಾರಿ ಹುಡುಕುವ, ಹೊತ್ತು ನೋಡುವ ಹೊಣೆ ನನ್ನದಾದ್ದರಿಂದ ಅವರಿಗೆ ನೋಡುವುದೊಂದೇ ಕೆಲಸ. ಜೇಡರ ಬಲೆಗೋ ಚಿಟ್ಟೆಗೋ ಮನಸೋತು ಹಿಂದುಳಿದವರಿಗಾಗಿ ನಾನು ಕಾಯುತ್ತೇನೆ. ಹೀಗಿದ್ದೂ ಕೆಲವರಿಗೆ ಬೇಸರವಾಗುತ್ತದೆ. ಅಂಥವರಿಗಾಗಿ ಅರ್ಧದಲ್ಲೇ ಮರಳಬಹುದಾದ ದಾರಿಯನ್ನು ಆರಿಸಿಕೊಂಡಿರುತ್ತೇನೆ.

ಹಿಂದೆ ಕೊನೆಯಲ್ಲಿ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಈಗ ಯಾರ ಮನಸ್ಸಿನಲ್ಲಿ ಏನು ಉಳಿಯಿತೆಂದು ಕೇಳುತ್ತೇನೆ. ಒಮ್ಮೆ ಕೆರೆಯ ದಂಡೆಯಲ್ಲಿ, ತಂಗಿಯ ಬಲವಂತಕ್ಕೆ ಬಂದಿದ್ದ ಮಹಿಳೆಯೊಬ್ಬರು ದೇವನಕ್ಕಿಯನ್ನು ನೆನೆದರು. ಅಪ್ಪ ಹಕ್ಕಿ ಮರಿಗಳನ್ನು ರೆಕ್ಕೆಯಡಿ ಅವುಚಿಕೊಂಡು ತಾವರೆ ಎಲೆಯ ಮೇಲೆ ನಡೆದಾಗ, ಮರಿಗಳ ಉದ್ದನೆಯ ಬೆರಳುಗಳು ಕೆಳಗೆ ಜೋತಾಡುತ್ತಿದ್ದುದನ್ನು ತಮ್ಮ ಬೆರಳುಗಳಲ್ಲೇ ಆಡಿಸಿ ತೋರಿಸಿದರು. ಹಕ್ಕಿಯ ಹೆಸರು ಅವರಿಗೆ ನೆನಪಿರಲಿಲ್ಲ. ಪಟ್ಟಿಯನ್ನು ನಾನು ಸಂಜೆ ಕೇಳಿದವರಿಗೆ ಮಾತ್ರ ಕಳುಹಿಸುತ್ತೇನೆ, ಅವರು ಕೇಳಲಿಲ್ಲ.